ಓಟಿಲ್ಲದವರ ಪರವಾಗಿ ಒಂದು ಅರ್ಜಿ

ಅಕ್ಕೂರಿನ ಸುತ್ತಮುತ್ತಲಿನವರು ಶಾಸಕರಿಗೆ ಬರೆಸುವ ಅರ್ಜಿಗಳ ವಿಷಯ ಹೆಚ್ಚುಕಡಿಮೆ ಗೊತ್ತಿದ್ದದ್ದೇ. ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಕೆರೆಗೆ ಇಗ್ಗಲೂರಿನ ನೀರು ಬಂದಿಲ್ಲ, ಆನೆ ಬಂದು ಬಾಳೆ ತುಳಿದಿದೆ, ವಿಧವಾ ವೇತನ ನಿಂತುಹೋಗಿದೆ, ಶಾಲೆಗೆ ಗಣಿತದ ಮೇಷ್ಟ್ರಿಲ್ಲ. ಶಾಲೆಯಲ್ಲಿ ಜೀವಮಾನ ಕಳೆದು ನಿವೃತ್ತನಾದ ಮೇಲೆ ಈ ಬರವಣಿಗೆಯೆಲ್ಲ ನನ್ನ ಜಗಲಿಗೆ ಬಂತು. ಎಡಕ್ಕೆ 'ಗೆ', ಅದರ ಕೆಳಗೆ ಮಾನ್ಯ ಶಾಸಕರು, ಚನ್ನಪಟ್ಟಣ ವಿಧಾನಸಭಾ ಕ್ಷೇತ್ರ. ನಡುವೆ ವಿಷಯ. ಆಮೇಲೆ 'ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ'. ಈ ಸಾಲನ್ನು ಹಳಸಲು ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿದ್ದಿಲ್ಲ. ಮನೆಯಲ್ಲಿ ಗಂಟೆಗಟ್ಟಲೆ ಗೋಳಾಡಿದವರು ಕೂಡ ಈ ಸಾಲು ಬರೆದ ಕೂಡಲೇ ತಮಗೆ ನಿಜವಾಗಿ ಏನು ಬೇಕು ಅನ್ನುವುದನ್ನು ಎರಡೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಅರ್ಜಿಗೆ ಆ ಶಕ್ತಿ ಇದೆ.

ಹೀಗೆ ಬೇರೆಯವರಿಗಾಗಿ ಬರೆಯುತ್ತಿದ್ದವನು ಈ ಸಲ ನನ್ನದೇ ಸಹಿ ಹಾಕಿ ಎರಡು ಪತ್ರ ಬರೆದೆ. ಒಂದು ನಮ್ಮ ಶಾಸಕರಿಗೆ, ಇನ್ನೊಂದು ಬೆಂಗಳೂರು ಗ್ರಾಮಾಂತರದ ಸಂಸದರಿಗೆ. ವಿಷಯ: ನಮ್ಮ ರಾಜ್ಯದಲ್ಲಿರುವ ನಿರಾಶ್ರಿತರಿಗೆ ನೆರವಾಗುವ ಬಗ್ಗೆ.

ಇದನ್ನು ನನ್ನ ತಲೆಗೆ ಹಾಕಿದವಳು ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದ ಹುಡುಗಿ. ಕುಶಾಲನಗರದಿಂದ ಬೆಂಗಳೂರಿಗೆ ಹೋಗುವ ಬಸ್ಸು. ಹೊಸ ಹೆದ್ದಾರಿಯಾದ ಮೇಲೆ ಎಷ್ಟೋ ಬಸ್ಸುಗಳು ಚನ್ನಪಟ್ಟಣದ ಹೊರಗಿಂದಲೇ ಹೋಗಿಬಿಡುತ್ತವೆ, ಇದು ಊರೊಳಗೆ ಬರುವಂಥದ್ದು. ಈ ದಾರಿಯಲ್ಲಿ ಓಡಾಡುವವರಿಗೆಲ್ಲ ಬೈಲಕುಪ್ಪೆಯ ಲಾಮಾಗಳು ಗೊತ್ತು. ಕಾವಿಗಿಂತ ಗಾಢವಾದ ಕೆಂಪು ಬಟ್ಟೆ, ಕೈಯಲ್ಲಿ ಮಣಿಸರ, ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಳ್ಳುತ್ತಾರೆ. ಈ ಹುಡುಗಿ ಲಾಮಾ ಅಲ್ಲ, ಬೆಂಗಳೂರಿನಲ್ಲಿ ನರ್ಸು. ಅಪ್ಪ ಅಮ್ಮ ಇಬ್ಬರೂ ಟಿಬೆಟ್ಟಿನಿಂದ ಬಂದವರು, ಅವಳು ಹುಟ್ಟಿದ್ದು 1994ರಲ್ಲಿ ಬೈಲಕುಪ್ಪೆಯಲ್ಲಿ. ಟಿಬೆಟಿಯನ್ನರ ನೋಂದಣಿ ಪತ್ರವಾದ ಆರ್‌ಸಿಯ ನವೀಕರಣಕ್ಕೆಂದು ರಜೆ ಹಾಕಿ ಊರಿಗೆ ಹೋಗಿದ್ದವಳು ವಾಪಸ್ ಬರುತ್ತಿದ್ದಳು. ಅವಳ ಬಾಯಲ್ಲಿ ಇದ್ದದ್ದು ಅಪ್ಪಟ ಪಿರಿಯಾಪಟ್ಟಣದ ಕನ್ನಡ. ನನ್ನ ತೊಡೆಯ ಮೇಲಿದ್ದ ಯಾರದೋ ಅರ್ಜಿಯ ಪ್ರತಿಯನ್ನು ನೋಡಿ, ಏನು ಎತ್ತ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ನಿಮ್ಗೆ ಅರ್ಜಿ ಕೊಡಕ್ಕೆ ಎಮ್ಮೆಲ್ಲೆ ಅವ್ರೆ ಅಂಕಲ್. ನಾವ್ ಯಾವ ಮಕ ಇಟ್ಕೊಂಡ್ ಹೋಗೋದು? ಓಟೇ ಹಾಕಲ್ವಲ್ಲ."

ಅವಳು ಇದನ್ನು ದೂರಿನಂತೆ ಹೇಳಲಿಲ್ಲ. ಬಸ್ ದರ ಹೆಚ್ಚಾಗಿದೆ ಅನ್ನುವಷ್ಟೇ ಸಹಜವಾಗಿ ಹೇಳಿದಳು. ನಾನು ಚನ್ನಪಟ್ಟಣದಲ್ಲಿ ಇಳಿದೆ, ಅವಳು ಮುಂದೆ ಹೋದಳು. ಆ ಮಾತು ಮಾತ್ರ ನನ್ನ ಜೊತೆಯಲ್ಲೇ ಇಳಿಯಿತು.

ಪಿರಿಯಾಪಟ್ಟಣದ ಶಾಸಕರು ಅವಳಿಗೆ ಶಾಸಕರಲ್ಲವೇ? ಇದನ್ನು ಯೋಚಿಸುವಾಗ ನನಗೆ 2001ರ ಜನಗಣತಿ ನೆನಪಾಯಿತು. ಮೇಷ್ಟ್ರುಗಳಾದ ನಾವೇ ಗಣತಿದಾರರು. ಫೆಬ್ರವರಿ 9ರಿಂದ 28ರವರೆಗೆ ಪಟ್ಟಿ ಹಿಡಿದು ಮನೆಮನೆ ಸುತ್ತಿದೆವು. 28ರ ರಾತ್ರಿ ಮನೆಯಿಲ್ಲದವರನ್ನು ಹುಡುಕಿಕೊಂಡು ಹೋಗಿ ಎಣಿಸಿದೆವು. ಓಟಿದೆಯೇ ಎಂದು ಕೇಳುವ ಕಲಮು ಆ ನಮೂನೆಯಲ್ಲಿ ಇರಲಿಲ್ಲ. ತೊಟ್ಟಿಲ ಮಗುವೂ ಒಂದು ತಲೆ, ತೊಂಬತ್ತರ ಅಜ್ಜಿಯೂ ಒಂದು ತಲೆ. ಈ ನೆಲದಲ್ಲಿ ವಾಸವಿರುವ ಪರದೇಶದವರೂ, ರಾಯಭಾರ ಕಚೇರಿಗಳ ಮಂದಿಯನ್ನು ಬಿಟ್ಟರೆ, ಲೆಕ್ಕಕ್ಕೆ ಸೇರುತ್ತಾರೆ. ಅದೇ 2001ರ ಲೆಕ್ಕವನ್ನು ಹಿಡಿದು 2008ರಲ್ಲಿ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆದರು. ಸಂವಿಧಾನದ 170ನೇ ವಿಧಿ ಕ್ಷೇತ್ರವನ್ನು ಅಳೆಯುವುದು ಜನಸಂಖ್ಯೆಯಿಂದ, ಮತದಾರರ ಪಟ್ಟಿಯಿಂದಲ್ಲ. ಅಂದರೆ ಆಗ ಆರೋ ಏಳೋ ವರ್ಷದ ಆ ಹುಡುಗಿಯನ್ನು ಯಾರೋ ನನ್ನಂಥ ಒಬ್ಬ ಮೇಷ್ಟ್ರು ಎಣಿಸಿದ್ದಾರೆ. ಅವಳ ತಲೆಯೂ ಸೇರಿಯೇ ಪಿರಿಯಾಪಟ್ಟಣ ಒಂದು ಕ್ಷೇತ್ರವಾಗಿದೆ. ಗಡಿ ಎಳೆಯುವಾಗ ಬೇಕಾದವಳು ಅಹವಾಲು ಹೇಳುವಾಗ ಬೇಡವಾಗುವುದು ಹೇಗೆ?

ಈ ಮಾತನ್ನೇ ಪತ್ರದ ಮೊದಲ ಪ್ಯಾರಾದಲ್ಲಿ ಬರೆದೆ.

ಎರಡನೆಯ ಪ್ಯಾರಾಗೆ ನಮ್ಮ ರಾಜ್ಯದ ಚರಿತ್ರೆಯೇ ಒದಗಿತು. 1959ರ ಮಾರ್ಚ್ 31ರಂದು ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ. ಹಿಮಾಲಯದ ಬುಡದಲ್ಲಿ ರಸ್ತೆ ಕೆಲಸ ಮಾಡಿಕೊಂಡು ಡೇರೆಗಳಲ್ಲಿದ್ದ ಇವರಿಗೆ ನೆಲೆ ಕೊಡಲು ಯಾರಲ್ಲಿ ಜಾಗವಿದೆ ಎಂದು ಪ್ರಧಾನಿ ನೆಹರೂ ರಾಜ್ಯಗಳಿಗೆ ಪತ್ರ ಬರೆದರು. ಮೈಸೂರು ರಾಜ್ಯ ಒಪ್ಪಿತು. ಬೈಲಕುಪ್ಪೆಯ ಹತ್ತಿರ ಸುಮಾರು 3,000 ಎಕರೆ ಕಾಡು ಭೂಮಿ ಕೊಟ್ಟಿತು. 1960ರ ಕೊನೆಯಲ್ಲಿ ಮೊದಲ ತಂಡ ಬಂದಿಳಿಯಿತು. ಹಿಮದ ನಾಡಿನವರಿಗೆ ನಮ್ಮ ಬಿಸಿಲು, ನಮ್ಮ ಮಳೆ, ರಾತ್ರಿ ಹೊತ್ತು ಡೇರೆಗೆ ನುಗ್ಗುವ ಆನೆ. ಕಾಡು ಕಡಿಯುತ್ತ, ಕಾಯಿಲೆ ಬಿದ್ದು, ಆನೆಗೆ ಸಿಕ್ಕು ಸತ್ತವರಿದ್ದಾರೆ. ಉಳಿದವರು ಮುಸುಕಿನ ಜೋಳ ಬೆಳೆದರು.

ಟಿಬೆಟಿಯನ್ನರು ಈ ಉಪಕಾರಕ್ಕೆ ಎಸ್. ನಿಜಲಿಂಗಪ್ಪನವರನ್ನು ಭಕ್ತಿಯಿಂದ ನೆನೆಯುತ್ತಾರೆ. ನೆನೆಯಲೇಬೇಕಾದವರು. ಆದರೆ ಇಸವಿಗಳನ್ನು ಜೋಡಿಸಿ ನೋಡಿದಾಗ ನನಗೆ ಇನ್ನೂ ಹಿರಿದಾದ ಒಂದು ಸಂಗತಿ ಕಂಡಿತು. 1960ರಲ್ಲಿ ಬೈಲಕುಪ್ಪೆಗೆ ಮೊದಲ ತಂಡ ಬಂದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಎರಡನೆಯ ದೊಡ್ಡ ನೆಲೆ ಆದಾಗ ನಿಜಲಿಂಗಪ್ಪ. ಬೈಲಕುಪ್ಪೆಯ ಎರಡನೆಯ ವಸಾಹತು ಶುರುವಾದಾಗ ವೀರೇಂದ್ರ ಪಾಟೀಲ. 1972ರಲ್ಲಿ ಹುಣಸೂರಿನ ಗುರುಪುರ, 1974ರಲ್ಲಿ ಆಗಿನ ಕೊಳ್ಳೇಗಾಲ ತಾಲ್ಲೂಕಿನ ಒಡೆಯರಪಾಳ್ಯ, ಎರಡೂ ದೇವರಾಜ ಅರಸರ ಕಾಲದ್ದು. ಈ ನಾಲ್ವರು ಒಂದೇ ಬಣದವರಲ್ಲ. 1969ರಲ್ಲಿ ಕಾಂಗ್ರೆಸ್ಸು ಒಡೆದಾಗ ನಿಜಲಿಂಗಪ್ಪ, ಪಾಟೀಲರು ಒಂದು ಕಡೆ, ಅರಸರು ಇನ್ನೊಂದು ಕಡೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕೆಡವುವುದು ರಾಜಕೀಯದಲ್ಲಿ ವಾಡಿಕೆ. ನಿರಾಶ್ರಿತರ ಮಟ್ಟಿಗೆ ಯಾರೂ ಕೆಡವಲಿಲ್ಲ, ಒಬ್ಬೊಬ್ಬರೂ ಒಂದೊಂದು ಊರು ಸೇರಿಸುತ್ತ ಹೋದರು.

ಹುಣಸೂರಿನ ವಿಷಯದಲ್ಲಂತೂ ನನಗೆ ಅರಸರ ಮೇಲೆ ವಿಶೇಷ ಗೌರವ. ಹುಣಸೂರು ಅವರ ಸ್ವಂತ ತಾಲ್ಲೂಕು, ಸ್ವಂತ ಕ್ಷೇತ್ರ. ಒಂದು ಓಟೂ ಹಾಕಲಾಗದ ಜನರನ್ನು ಒಬ್ಬ ರಾಜಕಾರಣಿ ತನ್ನ ಕ್ಷೇತ್ರದ ನೆಲದಲ್ಲೇ ಕೂರಿಸಿಕೊಂಡದ್ದು ಇದು. ಅದೂ ಉಳುವವನಿಗೇ ಭೂಮಿ ಎಂದು ರಾಜ್ಯದ ತುಂಬ ಭೂಮಿಯ ಮಾತೇ ಕಾವೇರುತ್ತಿದ್ದ ವರ್ಷಗಳಲ್ಲಿ. ಇಂದಿನ ಶಾಸಕರಿಗೆ ಇದನ್ನು ನೆನಪಿಸಿದರೆ ತಪ್ಪಾಗಲಾರದು ಎಂದು ಬರೆದೆ.

ಟಿಬೆಟಿಯನ್ನರಷ್ಟೇ ಅಲ್ಲ. 1964ರ ಅಕ್ಟೋಬರ್ 30ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದಂತೆ ಸಿಲೋನಿನ ಚಹಾ ತೋಟಗಳಿಂದ ಬಂದ ತಮಿಳು ಕೂಲಿಗಳಿಗೆ ಸುಳ್ಯ, ಪುತ್ತೂರಿನ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ, ಕಾಲನಿ ಸಿಕ್ಕವು. ಪೂರ್ವ ಬಂಗಾಳದಿಂದ ಓಡಿ ಬಂದವರು ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದಾರೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ಮೈಸೂರು, ಧಾರವಾಡಗಳಲ್ಲಿ ಓದುತ್ತಿದ್ದ ಅಫ್ಘನ್ ಹುಡುಗರು ಹಾಸ್ಟೆಲ್ಲಿನಲ್ಲಿ ಕೂತು ಫೋನಿನಲ್ಲಿ ತಮ್ಮ ಮನೆಯವರ ಸುದ್ದಿಗೆ ಕಾದರು. ಬೆಂಗಳೂರಿನ ಉತ್ತರದ ಅಂಚಿನ ಗುಡಿಸಲುಗಳಲ್ಲಿ ಮ್ಯಾನ್ಮಾರಿನಿಂದ ಬಂದ ರೋಹಿಂಗ್ಯಾ ಕುಟುಂಬಗಳು ನಗರದ ಕಸ ಬೇರ್ಪಡಿಸಿ ಬದುಕುತ್ತಿವೆ.

ಈ ಪಟ್ಟಿ ಓದಿದಾಗ ನಮ್ಮ ಹಾಲಿನ ಡೇರಿಯ ಮುಂದೆ ಕೂತಿದ್ದವರಲ್ಲಿ ಒಬ್ಬರು ಸಿಟ್ಟಾದರು. ನನ್ನ ಹಳೆಯ ಸ್ನೇಹಿತರು, ಒಳ್ಳೆಯವರು. "ಮೇಷ್ಟ್ರೆ, ನಮ್ ಹುಡುಗ್ರು ಬಿಡದಿ ಫ್ಯಾಕ್ಟ್ರಿ ಗೇಟ್ ಮುಂದೆ ನಿಂತವ್ರೆ. ನಮ್ಗೇ ಇಲ್ಲ, ಅವ್ರಿಗೆಲ್ಲಿಂದ ತರಾನ?" ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅವರ ಮಗನಿಗೆ ಕಾಯಂ ಕೆಲಸ ಸಿಗಲಿಲ್ಲ ಎಂಬ ನೋವು ಅದರೊಳಗಿದೆ. ಆದರೆ ಆ ಕೆಲಸವನ್ನು ಕಸ ಆಯುವ ರೋಹಿಂಗ್ಯಾ ಕಿತ್ತುಕೊಂಡಿಲ್ಲ, ಬೈಲಕುಪ್ಪೆಯ ನರ್ಸೂ ಕಿತ್ತುಕೊಂಡಿಲ್ಲ. ಅದರ ಕಾರಣಕ್ಕೆ ಬೇರೆಯೇ ಅರ್ಜಿ ಬರೆಯಬೇಕು, ಅದನ್ನೂ ಬರೆಯೋಣ ಅಂದೆ. ಆಮೇಲೆ ಅವರಿಗೆ ಸುಡಾನಿನ ಸಂಗತಿ ನೆನಪಿಸಿದೆ.

2023ರ ಏಪ್ರಿಲ್. ನಮ್ಮಲ್ಲಿ ವಿಧಾನಸಭೆ ಚುನಾವಣೆಯ ಗದ್ದಲ. ಅತ್ತ ಸುಡಾನಿನಲ್ಲಿ ಸೈನ್ಯವೂ ಅರೆಸೇನಾ ಪಡೆಯೂ ಬಡಿದಾಡಿಕೊಂಡವು. ಗಿಡಮೂಲಿಕೆ ಎಣ್ಣೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನ, ಹುಣಸೂರಿನ ಪಕ್ಷಿರಾಜಪುರದವರೂ ಸೇರಿ, ಗುಂಡಿನ ಸದ್ದಿನ ನಡುವೆ ಬಾಡಿಗೆ ಮನೆಗಳಲ್ಲಿ ಸಿಕ್ಕಿಕೊಂಡರು. ಅನ್ನ ನೀರಿಗೆ ತತ್ವಾರ. ಫೋನಿನಲ್ಲಿ ವಿಡಿಯೋ ಮಾಡಿ ಕನ್ನಡದಲ್ಲಿ ಅಂಗಲಾಚಿದರು. ಆಗ ಸಿದ್ದರಾಮಯ್ಯನವರು ಅವರ ಪರವಾಗಿ ಬಹಿರಂಗವಾಗಿ ಬರೆದರು, ವಿದೇಶಾಂಗ ಸಚಿವರು ಉತ್ತರ ಕೊಟ್ಟರು, ಮಾತಿಗೆ ಮಾತು ಬೆಳೆಯಿತು, ಕೊನೆಗೆ ಆಪರೇಷನ್ ಕಾವೇರಿ ಎಂಬ ಹೆಸರಿನಲ್ಲಿ ಹಡಗು, ವಿಮಾನ ಹೋದವು. ನಮ್ಮವರು ಬಂದರು. ಹುಣಸೂರು ತಾಲ್ಲೂಕಿನ ಒಳಗೇ ಟಿಬೆಟ್ಟಿನಿಂದ ಓಡಿಬಂದವರ ಗುರುಪುರವೂ ಇದೆ, ಸುಡಾನಿನಿಂದ ಪಾರಾಗಿ ಬಂದವರ ಪಕ್ಷಿರಾಜಪುರವೂ ಇದೆ. ನಡುವೆ ಇರುವ ವ್ಯತ್ಯಾಸ ಒಂದೇ: ಹಕ್ಕಿಪಿಕ್ಕಿಗಳಿಗೆ ವಾಪಸ್ ಬರಲು ಒಂದು ದೇಶವಿತ್ತು, ಅದರಲ್ಲಿ ಕೇಳುವ ಒಬ್ಬ ಪ್ರತಿನಿಧಿ ಇದ್ದರು. ಸ್ನೇಹಿತರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಸರಿ, ಏನ್ ಕೇಳ್ತಿದೀರ ಅದ್ನ ಓದಿ" ಅಂದರು.

ಇಲ್ಲಿ ನಮ್ಮ ಜಗಲಿ ಅರ್ಜಿಗಳ ಅನುಭವ ಕೆಲಸಕ್ಕೆ ಬಂತು. ಕರುಣೆ ತೋರಿಸಿ ಎಂದಷ್ಟೇ ಬರೆದ ಅರ್ಜಿಯನ್ನು ಓದಿದವರು ತಲೆದೂಗಿ ಪಕ್ಕಕ್ಕಿಡುತ್ತಾರೆ. ಯಾರ ಕೈಯಲ್ಲಿ ಏನಿದೆಯೋ ಅದನ್ನೇ ಕೇಳಬೇಕು. ಸಂವಿಧಾನದ ಏಳನೇ ಅನುಸೂಚಿ ತೆಗೆದು ನೋಡಿದರೆ ಪೌರತ್ವ ಮತ್ತು ವಿದೇಶೀಯರ ವಿಷಯ ಕೇಂದ್ರದ ಪಟ್ಟಿಯಲ್ಲಿದೆ, ಭೂಮಿ ರಾಜ್ಯದ ಪಟ್ಟಿಯಲ್ಲಿದೆ. ಹಾಗಾಗಿಯೇ ಅಂದು ನೆಹರೂ ರಾಜ್ಯಗಳಿಗೆ ಬರೆಯಬೇಕಾಯಿತು. ಇರಬಹುದು ಎಂದು ದೆಹಲಿ ಹೇಳಬಲ್ಲದು, ಎಲ್ಲಿ ಎಂದು ಹೇಳಲು ಬೆಂಗಳೂರು ಬೇಕು. ಅದಕ್ಕೇ ನನ್ನ ಪತ್ರಗಳೂ ಎರಡು.

ಶಾಸಕರನ್ನು ಕೇಳಿದ್ದು ಶಾಲೆಯ ವಿಷಯ, ಯಾಕೆಂದರೆ ನನಗೆ ಅದು ಬೆರಳ ತುದಿಯಲ್ಲಿದೆ. ಸಂವಿಧಾನದ 21ಎ ವಿಧಿ ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಎನ್ನುತ್ತದೆ. ನಾಗರಿಕರ ಮಕ್ಕಳಿಗೆ ಎನ್ನುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 14ನೇ ಕಲಮು ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವನ್ನೂ ಹಿಂದಕ್ಕೆ ಕಳಿಸಬೇಡಿ ಎನ್ನುತ್ತದೆ. ದಾಖಲಾತಿ ಪುಸ್ತಕ ಬರೆದವನಾಗಿ ನನಗೆ ಗೊತ್ತು, ಜೂನ್ ತಿಂಗಳಲ್ಲಿ ಒಂದು ಮಗು ಬಾಗಿಲಲ್ಲಿ ನಿಂತಾಗ ಕಾನೂನಿಗಿಂತ ಮೇಜಿನ ಮೇಲಿನ ಕಂಪ್ಯೂಟರು ದೊಡ್ಡದಾಗಿ ಕಾಣುತ್ತದೆ. ಅದು ಆಧಾರ್ ಸಂಖ್ಯೆ ಕೇಳುತ್ತದೆ, ಮೇಷ್ಟ್ರು ಕೈಚೆಲ್ಲುತ್ತಾರೆ, ತಾಯಿ ಮಗುವಿನ ಕೈಹಿಡಿದು ಹೊರಟುಹೋಗುತ್ತಾಳೆ. ಆ ಮಗುವಿಗೆ ಅಂದು ಹೋದದ್ದು ಒಂದು ದಿನವಲ್ಲ. ರೋಹಿಂಗ್ಯಾ ಮಕ್ಕಳು ಸರ್ಕಾರಿ ಶಾಲೆಗೆ ಹೋಗಿ ಪ್ರವೇಶ ಕೇಳಬಹುದು ಎಂದು ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ದೆಹಲಿಯ ಪ್ರಕರಣದಲ್ಲಿ ಹೇಳಿತು. ಹಾಗಾದರೆ ಕರ್ನಾಟಕದಲ್ಲಿ ಆಧಾರ್ ಇಲ್ಲದ ನಿರಾಶ್ರಿತ ಮಕ್ಕಳನ್ನು ಸೇರಿಸಿಕೊಳ್ಳುವಂತೆ ಶಾಲೆಗಳಿಗೆ ಸ್ಪಷ್ಟ ಸುತ್ತೋಲೆ ಹೊರಡಿಸಲಾಗಿದೆಯೇ, ಇಲ್ಲವಾದರೆ ಎಂದು ಹೊರಡಿಸಲಾಗುವುದು? ಇದನ್ನು ಸದನದಲ್ಲಿ ಪ್ರಶ್ನೆಯಾಗಿ ಕೇಳಿ ಎಂದು ಬರೆದೆ.

ಸಂಸದರಿಗೆ ಬರೆದ ಪತ್ರ ಉದ್ದವಾಯಿತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, 1967ರ ಪೂರಕ ಒಪ್ಪಂದಕ್ಕೂ ಇಲ್ಲ. ನಮ್ಮದೇ ಆದ ನಿರಾಶ್ರಿತರ ಕಾಯಿದೆಯೂ ಇಲ್ಲ. 1946ರ ವಿದೇಶೀಯರ ಕಾಯಿದೆಯ ಕಣ್ಣಿಗೆ ವೀಸಾ ಮುಗಿದರೂ ಉಳಿದ ವ್ಯಾಪಾರಿಯೂ, ಮನೆಗೆ ಬೆಂಕಿಬಿದ್ದು ಓಡಿಬಂದ ಬಾಣಂತಿಯೂ ಒಂದೇ ಆಗಿದ್ದರು. ಅದರ ಜಾಗಕ್ಕೆ 2025ರಲ್ಲಿ ಹೊಸ ಕಾಯಿದೆ ಬಂದರೂ ಈ ಭೇದ ಅದರೊಳಗೆ ಬರಲಿಲ್ಲ. ಟಿಬೆಟಿಯನ್ನರಿಗೆ ಒಂದು ಆದೇಶ, ಸಿಲೋನಿನವರಿಗೆ ಒಂದು ಆದೇಶ, 2019ರ ಪೌರತ್ವ ತಿದ್ದುಪಡಿಯಲ್ಲಿ ಮೂರು ದೇಶಗಳ ಕೆಲವು ಧರ್ಮದವರಿಗೆ ಒಂದು ದಾರಿ. ಉಳಿದವರಿಗೆ ಆ ಹೊತ್ತಿನ ಅಧಿಕಾರಿಯ ಮನಸ್ಸೇ ದಾರಿ. ಮಾಗಡಿಯ ಆಚೆ, ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಾಗಿದ್ದ ಕಟ್ಟಡವನ್ನು ವಿದೇಶೀಯರನ್ನು ಇಡುವ ಕೇಂದ್ರವಾಗಿ ಮಾಡಿದ್ದಾರೆ. ಅಲ್ಲಿ ಇರಿಸಬೇಕಾದವರು ಯಾರು, ಆಸರೆ ಕೊಡಬೇಕಾದವರು ಯಾರು ಎಂದು ವಿಚಾರಿಸಿ ತೀರ್ಮಾನಿಸುವ ಒಂದು ಕಾನೂನುಬದ್ಧ ಕ್ರಮವಾದರೂ ಬೇಡವೇ? ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟು, ಜೀವದ ರಕ್ಷಣೆ ಈ ನೆಲದಲ್ಲಿರುವ ಪ್ರತಿಯೊಬ್ಬ ಮನುಷ್ಯನಿಗೂ ಸಲ್ಲುತ್ತದೆ, ನಾಗರಿಕರಿಗೆ ಮಾತ್ರವಲ್ಲ ಎಂದಿದೆ. ಕೋರ್ಟು ಅಷ್ಟು ಹೇಳಿ ಇಷ್ಟು ವರ್ಷವಾದರೂ ಸಂಸತ್ತು ಒಂದು ಕಾಯಿದೆ ಮಾಡದಿರುವುದು ನನಗೆ ನೋವಿನ ವಿಷಯ.

ಶಶಿ ತರೂರ್ ಆಶ್ರಯ ಕಾಯಿದೆಯ ಮಸೂದೆಯನ್ನು ಖಾಸಗಿ ಸದಸ್ಯರಾಗಿ 2015ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಲೋಕಸಭೆಯಲ್ಲಿ ತಂದರು. ಖಾಸಗಿ ಮಸೂದೆಗಳಿಗೆ ಸಿಗುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ಅಂಥ ಮಸೂದೆ ಕಾನೂನಾಗಿ ಕೊನೆಯದಾಗಿ ಅಂಗೀಕಾರವಾದದ್ದು 1970ರಲ್ಲಿ. ಇದು ಗೊತ್ತಿದ್ದೇ ಬರೆದೆ. ಮಸೂದೆ ಪಾಸಾಗದಿದ್ದರೂ ಚರ್ಚೆ ಕಡತದಲ್ಲಿ ಉಳಿಯುತ್ತದೆ, ಮಂತ್ರಿಗಳು ಎದ್ದು ಏನಾದರೂ ಹೇಳಲೇಬೇಕಾಗುತ್ತದೆ. ಆ ಉತ್ತರವನ್ನು ಹಿಡಿದು ಮುಂದಿನ ಪತ್ರ ಬರೆಯಬಹುದು. ಯಾವ ಪಕ್ಷದವರು ತಂದರೂ ಇಂಥ ಮಸೂದೆಯ ಮೇಲೆ ತಾವು ಮಾತಾಡಬೇಕು, ದೇಶ ಯಾವುದು, ಧರ್ಮ ಯಾವುದು ಎಂದು ನೋಡದೆ ಎಲ್ಲರಿಗೂ ಒಂದೇ ವಿಚಾರಣಾ ಕ್ರಮ ಇರಲಿ ಎಂದು ಹೇಳಬೇಕು ಎಂದು ಕೇಳಿಕೊಂಡೆ.

ಆ ಹುಡುಗಿಯ ಪರವಾಗಿಯೂ ಒಂದು ಪ್ಯಾರಾ ಹಾಕಿದೆ, ಹೆಸರು ಹಾಕದೆ. ಭಾರತದ ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು, ತಂದೆತಾಯಿ ಯಾರೇ ಆಗಿರಲಿ. 2010ರಲ್ಲಿ ದೆಹಲಿ ಹೈಕೋರ್ಟು ಒಬ್ಬ ಟಿಬೆಟಿಯನ್ ಯುವತಿಯ ವಿಷಯದಲ್ಲಿ ಇದನ್ನು ಎತ್ತಿಹಿಡಿಯಿತು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೂ ಅದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಲು ಹೇಳಿತು. ಇವಳು ಹುಟ್ಟಿದ್ದು 1994ರಲ್ಲಿ, ತಂದೆತಾಯಿ ಇಬ್ಬರೂ ಗಡಿಯಾಚೆಯಿಂದ ಬಂದವರು. ಅವಳಿಗೆ ಆ ಬಾಗಿಲು ಇಲ್ಲ. ಟಿಬೆಟಿಯನ್ನರಲ್ಲಿ ಭಾರತದ ಪೌರತ್ವ ಬೇಡ, ತಮ್ಮ ದೇಶದ ಆಸೆ ಬಿಡುವುದಿಲ್ಲ ಅನ್ನುವವರೂ ಬಹಳ. ಅವರ ಆ ಹಟವನ್ನು ನಾನು ಗೌರವಿಸುತ್ತೇನೆ. ಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ. ಬೇಕೆಂದವರಿಗೆ, ಇಲ್ಲಿ ಹುಟ್ಟಿ ಇಲ್ಲಿಯ ಆಸ್ಪತ್ರೆಯಲ್ಲಿ ನಮ್ಮ ರೋಗಿಗಳ ಬೆನ್ನು ಒರೆಸುತ್ತಿರುವವರಿಗೆ, ಅರ್ಜಿ ಹಾಕಲು ಒಂದು ನೇರ ದಾರಿ ಇರಲಿ.

ಎರಡು ಪತ್ರಗಳನ್ನೂ ಡೇರಿಯ ಮುಂದೆ ಗಟ್ಟಿಯಾಗಿ ಓದಿದೆ. ಸಿಟ್ಟಾಗಿದ್ದ ಸ್ನೇಹಿತರು ಮಕ್ಕಳ ಶಾಲೆಯ ಪತ್ರಕ್ಕೆ ಸಹಿ ಹಾಕಿದರು. ಸಂಸದರ ಪತ್ರಕ್ಕೆ ಹಾಕಲಿಲ್ಲ, ಇನ್ನೂ ಯೋಚಿಸಬೇಕು ಅಂದರು. ಯೋಚಿಸಲಿ. ಹಾಲಿನ ಸೊಸೈಟಿಯ ಹೆಣ್ಣುಮಕ್ಕಳು ಇಬ್ಬರು ಎರಡಕ್ಕೂ ಹಾಕಿದರು. ಅವರಲ್ಲೊಬ್ಬರು ಮಗಳು ದುಬೈನಲ್ಲಿ ಮನೆಕೆಲಸಕ್ಕಿದ್ದಾಳೆ ಎಂದಷ್ಟೇ ಹೇಳಿ ಪೆನ್ನು ಕೇಳಿದರು. ಯಾರೋ ಇದರ ಜೊತೆಗೇ ಆನೆ ಕಾಟದ ಪರಿಹಾರವನ್ನೂ ಸೇರಿಸಿಬಿಡಿ ಅಂದರು. ಬೇಡ ಅಂದೆ. ಒಂದು ಅರ್ಜಿಯಲ್ಲಿ ಎರಡು ವಿಷಯ ಹಾಕಿದರೆ ಅದು ಯಾವ ಇಲಾಖೆಗೂ ಸಲ್ಲದೆ ಅಲೆಯುತ್ತದೆ. ಆನೆಯದ್ದನ್ನು ಬೇರೆ ಹಾಳೆಯಲ್ಲಿ ಅಂದೇ ಬರೆದುಕೊಟ್ಟೆ.

ರಾಮನಗರ, ಕನಕಪುರ, ಮಾಗಡಿಯ ಪರಿಚಿತರಿಗೂ ಪ್ರತಿ ಕಳಿಸಿದ್ದೇನೆ. ಹಾಗೇ ನಕಲು ಮಾಡಬೇಡಿ, ನಿಮ್ಮ ಮಾತಿನಲ್ಲಿ ಬರೆಯಿರಿ ಎಂದು ತಿಳಿಸಿದ್ದೇನೆ. ಒಂದೇ ಒಕ್ಕಣೆಯ ಐವತ್ತು ಪತ್ರ ಬಂದರೆ ಕಚೇರಿಯಲ್ಲಿ ಅದು ಒಂದೇ ಪತ್ರ. ಹೆಸರು, ವಿಳಾಸ, ಮತಗಟ್ಟೆ ಇರಲಿ. ಕನ್ನಡದಲ್ಲೇ ಬರೆಯಿರಿ. ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಪೂರ್ತಿ ಹದಿನೈದು ದಿನ ಮುಂಚೆ ನೋಟಿಸು ಕೊಡಬೇಕು, ಆದ್ದರಿಂದ ಅಧಿವೇಶನದ ದಿನಾಂಕ ಪ್ರಕಟವಾದ ವಾರವೇ ಪತ್ರ ತಲುಪುವುದು ಒಳ್ಳೆಯದು. ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕಾದರೆ ಶಾಸಕರು ಊರು ಬಿಡುವ ಮುಂಚೆ ಕೈಗೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ತಾರೀಖಿನ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.